ಎಲ್ಲರಿಗೂ ಒಂದೇ ಇಂಜಿನ್, ಆದರೂ ಯಾಕಿಷ್ಟು ಜಗಳ?

ಹೋದ ಸಂಚಿಕೆಯಲ್ಲಿ ಅಮೆರಿಕದ ನೈಟ್ರೋ ಡ್ರ್ಯಾಗ್ ರೇಸ್ ಬಗ್ಗೆ ಬರೆದಿದ್ದೆ: ನೈಟ್ರೋಮೀಥೇನ್ ಅನ್ನುವ ಇಂಧನ ಕುಡಿಯುವ ಕಾರುಗಳು ಎರಡೆರಡಾಗಿ ಅಕ್ಕಪಕ್ಕ ನಿಂತು ನೇರ ಟ್ರ್ಯಾಕಿನಲ್ಲಿ ಓಡುವ ಸ್ಪರ್ಧೆ. ಟಾಪ್ ಫ್ಯೂಯೆಲ್ ಮತ್ತು ಫನ್ನಿ ಕಾರ್ ಅನ್ನುವ ಎರಡು ವರ್ಗಗಳು, ನಿಂತಲ್ಲಿಂದ ಹೊರಟು ಸಾವಿರ ಅಡಿ ಮುಗಿಸಲು ನಾಲ್ಕು ಸೆಕೆಂಡೂ ಬೇಡದ ಕಾರುಗಳು. ಓದಿದವರು ವೇಗದ ಬಗ್ಗೆ ಕೇಳುತ್ತಾರೆ ಅಂದುಕೊಂಡಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ನಿಯಮಗಳ ಬಗ್ಗೆ. ನನಗೂ ಅದೇ ಇಷ್ಟದ ವಿಷಯ, ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ.

ಪ್ರಶ್ನೆ: ಎಲ್ಲ ತಂಡದವರೂ ಒಂದೇ ಥರದ ಇಂಜಿನ್ ಬಳಸುತ್ತಾರೆ ಅಂತ ಬರೆದಿದ್ದೀರಿ. ಹಾಗಾದರೆ ಸ್ಪರ್ಧೆ ಎಲ್ಲಿ ಬಂತು ಸರ್? ಅದೃಷ್ಟ ಇದ್ದವನು ಗೆಲ್ಲುತ್ತಾನೆ, ಅಷ್ಟೇ ಅಲ್ವಾ?

ಅದೃಷ್ಟ ಅಲ್ಲ. ಮೊದಲು ಏನೇನು ಕಟ್ಟಿಹಾಕಿದ್ದಾರೆ ಅಂತ ನೋಡಿ. ಈ ರೇಸ್ ನಡೆಸುವ ಎನ್‌ಎಚ್‌ಆರ್‌ಎ, ಅಂದರೆ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್, 1951ರಲ್ಲಿ ವಾಲಿ ಪಾರ್ಕ್ಸ್ ಕಟ್ಟಿದ ಸಂಸ್ಥೆ. ಅವರ ನಿಯಮದ ಪ್ರಕಾರ ಇಂಜಿನ್ 90 ಡಿಗ್ರಿ ವಿ-8 ಆಗಿರಬೇಕು, ಅಂದರೆ ಎಂಟು ಸಿಲಿಂಡರ್ ವಿ ಆಕಾರದಲ್ಲಿ ಕೂತಿರಬೇಕು. 500 ಘನ ಇಂಚು ಮೀರಬಾರದು, ನಮ್ಮ ಲೆಕ್ಕದಲ್ಲಿ ಸುಮಾರು 8.2 ಲೀಟರ್. ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್ ಒಂದೇ, ಒಂದು ಸಿಲಿಂಡರಿಗೆ ಎರಡೇ ವಾಲ್ವ್. ಎರಡು ಸಿಲಿಂಡರ್ ನಡುವಿನ ಅಂತರಕ್ಕೂ ನಿಯಮ ಇದೆ, 4.8 ಇಂಚು. ಈ ವಿನ್ಯಾಸದ ಬೇರು 1964ರ ಕ್ರೈಸ್ಲರ್ 426 ಹೆಮಿ ಇಂಜಿನ್ನಿನಲ್ಲಿದೆ. ಈಗಿನ ಇಂಜಿನ್ ಪೂರ್ತಿ ಅಲ್ಯೂಮಿನಿಯಂ, ಹಳೆಯದರ ಒಂದು ಬೋಲ್ಟೂ ಇದರಲ್ಲಿ ಇರಲಿಕ್ಕಿಲ್ಲ, ಆದರೆ ಎಲುಬಿನ ಗೂಡು ಅದೇ. ಕಾರಿನ ಮೇಲೆ ಯಾವ ಕಂಪನಿಯ ಹೆಸರಿದ್ದರೂ ಒಳಗಿರುವುದು ಇದೇ ವಂಶದ ಇಂಜಿನ್.

ಗಾಳಿ ತುರುಕುವ ಸೂಪರ್‌ಚಾರ್ಜರ್, ಅಲ್ಲಿಯವರು ಬ್ಲೋವರ್ ಅನ್ನುತ್ತಾರೆ, ಅದು ರೂಟ್ಸ್ ಮಾದರಿಯದೇ ಆಗಬೇಕು, ಅಳತೆ 14-71. ಅದಕ್ಕಿಂತ ಚೆನ್ನಾಗಿ ಗಾಳಿ ಒತ್ತುವ ಸ್ಕ್ರೂ ಮಾದರಿಗೆ ಇಲ್ಲಿ ಜಾಗ ಇಲ್ಲ. ಹಿಂದಿನ ಆಕ್ಸಲ್ಲಿನ ಗಿಯರ್ ಅನುಪಾತ ಎಲ್ಲರಿಗೂ 3.20. ಗಿಯರ್ ಬಾಕ್ಸೇ ಇಲ್ಲ. ಓಟದ ಮಧ್ಯೆ ಕಂಪ್ಯೂಟರ್ ಏನನ್ನೂ ತಿದ್ದುವಂತಿಲ್ಲ, ಬರೆದಿಟ್ಟುಕೊಳ್ಳಬಹುದು, ಅಷ್ಟೇ.

ಇಷ್ಟೆಲ್ಲ ಕಟ್ಟಿದ ಮೇಲೆ ಉಳಿಯುವುದು ಎರಡು: ಕ್ಲಚ್ ಮತ್ತು ಇಂಧನ. ಕ್ಲಚ್ಚಿನ ಐದಾರು ತಟ್ಟೆಗಳು ಎಷ್ಟು ಹೊತ್ತು ಜಾರಬೇಕು, ಯಾವ ಕ್ಷಣದಲ್ಲಿ ಕಚ್ಚಿಕೊಳ್ಳಬೇಕು, ಯಾವಾಗ ಇಂಜಿನ್ನಿಗೆ ಎಷ್ಟು ಇಂಧನ ಹೋಗಬೇಕು, ಇದನ್ನೆಲ್ಲ ಓಟಕ್ಕೆ ಮೊದಲೇ ಟೈಮರ್‌ಗಳಲ್ಲಿ ಕಟ್ಟಿಡಬೇಕು. ಟ್ರ್ಯಾಕ್ ಬಿಸಿಯಾಗಿದೆಯಾ, ಗಾಳಿ ಎಷ್ಟು ಗಟ್ಟಿ ಇದೆ, ಮೋಡ ಬಂದರೆ ಏನು, ಎಲ್ಲವನ್ನೂ ಕ್ರ್ಯೂ ಚೀಫ್, ಅಂದರೆ ಕಾರನ್ನು ಸಜ್ಜು ಮಾಡುವ ತಂಡದ ಮುಖ್ಯಸ್ಥ, ಮೊದಲೇ ಊಹಿಸಬೇಕು. ಊಹೆ ಒಂದು ಕೂದಲು ತಪ್ಪಿದರೂ ಚಕ್ರ ಜಾರುತ್ತದೆ, ಇಲ್ಲವೇ ಟೈರು ಅದುರಲು ಶುರು. ಅಲ್ಲಿಗೆ ಆ ಓಟ ಮುಗಿಯಿತು.

ಓಟ ಮುಗಿಸಿ ಬಂದ ಕಾರಿನ ಹತ್ತಿರ ಏನು ನಡೆಯುತ್ತದೆ ಅನ್ನುವ ವಿಡಿಯೋ ಸಿಕ್ಕರೆ ಬಿಡಬೇಡಿ. ಬಂದ ಕೂಡಲೇ ಇಂಜಿನ್ ಬಿಚ್ಚುತ್ತಾರೆ. ಹದಿನಾರು ಸ್ಪಾರ್ಕ್ ಪ್ಲಗ್, ಒಂದು ಸಿಲಿಂಡರಿಗೆ ಎರಡು, ಸಾಲಾಗಿ ಜೋಡಿಸುತ್ತಾರೆ. ಕೆಲವುದರ ತುದಿಯೇ ಕರಗಿ ಹೋಗಿರುತ್ತದೆ. ಕೆಳಗಿನಿಂದ ಬೇರಿಂಗ್ ತೆಗೆದು ಅದೇ ಕ್ರಮದಲ್ಲಿ ಇಡುತ್ತಾರೆ. ಒಬ್ಬರು ಒಂದೊಂದನ್ನೂ ಬೆಳಕಿಗೆ ಹಿಡಿದು ಬೆರಳಿನಿಂದ ಸವರಿ ನೋಡುತ್ತಾರೆ. ಮೇಲಿನ ಮೆತ್ತನೆಯ ಲೋಹ ಹಿಚುಕಿದ ಹಾಗಿದ್ದರೆ ಆ ಸಿಲಿಂಡರ್ ಮಿತಿ ಮೀರಿ ದುಡಿದಿದೆ ಅಂತ ಅರ್ಥ. ಮುಂದಿನ ಓಟಕ್ಕೆ ಎಷ್ಟು ಧೈರ್ಯ ಮಾಡಬಹುದು ಅನ್ನುವುದು ಅಲ್ಲೇ ತೀರ್ಮಾನ. ಮುಕ್ಕಾಲು ಗಂಟೆ, ಒಂದು ಗಂಟೆಯೊಳಗೆ ಎಲ್ಲ ಮತ್ತೆ ಜೋಡಣೆ. ಒಂದೇ ಇಂಜಿನ್ ಕೊಟ್ಟಿದ್ದರಿಂದಲೇ ಈ ಕಣ್ಣು, ಈ ಬೆರಳಿಗೆ ಬೆಲೆ ಬಂದಿದೆ ಅಂತ ನನ್ನ ನಂಬಿಕೆ.

ಪ್ರಶ್ನೆ: ನೈಟ್ರೋದಲ್ಲಿ ಅಂಥದ್ದೇನಿದೆ? ಪೆಟ್ರೋಲಿಗಿಂತ ಶಕ್ತಿ ಜಾಸ್ತಿ ಇರಬೇಕು, ಅಲ್ವಾ?

ಇಲ್ಲ, ಕಡಿಮೆ! ಒಂದು ಕಿಲೋ ಪೆಟ್ರೋಲಿನಲ್ಲಿ ಸುಮಾರು 44 ಮೆಗಾಜೂಲ್ ಶಕ್ತಿ, ಒಂದು ಕಿಲೋ ನೈಟ್ರೋಮೀಥೇನಿನಲ್ಲಿ 11 ಚಿಲ್ಲರೆ. ಗುಟ್ಟು ಇರುವುದು ಗಾಳಿಯಲ್ಲಿ. ಒಂದು ಕಿಲೋ ಪೆಟ್ರೋಲ್ ಉರಿಯಲು 14.7 ಕಿಲೋ ಗಾಳಿ ಬೇಕು. ನೈಟ್ರೋಮೀಥೇನ್ ತನ್ನ ಅಣುವಿನೊಳಗೇ ಆಮ್ಲಜನಕ ಹೊತ್ತು ತರುತ್ತದೆ, ಅದಕ್ಕೆ 1.7 ಕಿಲೋ ಗಾಳಿ ಸಾಕು. ಅಂದರೆ ಅದೇ ಸಿಲಿಂಡರಿಗೆ, ಅಷ್ಟೇ ಗಾಳಿಗೆ, ಎಂಟು ಪಟ್ಟಿಗೂ ಮೀರಿ ಇಂಧನ ಸುರಿಯಬಹುದು. ಗುಣಿಸಿ ನೋಡಿ, ಪೆಟ್ರೋಲಿನ ಎರಡು ಪಟ್ಟಿಗಿಂತ ಜಾಸ್ತಿ ಶಕ್ತಿ ಬರುತ್ತದೆ. ಅದರ ಮೇಲೆ ಬ್ಲೋವರ್. ಒಟ್ಟು 11,000 ಅಶ್ವಶಕ್ತಿಯ ಆಸುಪಾಸು ಅನ್ನುತ್ತಾರೆ.

ಇದರ ಅಪಾಯ ಎಲ್ಲರಿಗೂ ಗೊತ್ತಿತ್ತು. 1957ರಲ್ಲಿ ಎನ್‌ಎಚ್‌ಆರ್‌ಎ ನೈಟ್ರೋವನ್ನೇ ನಿಷೇಧ ಮಾಡಿತ್ತು. 1963ರ ಹೊತ್ತಿಗೆ ಮತ್ತೆ ಒಳಗೆ ಬಿಟ್ಟುಕೊಳ್ಳಬೇಕಾಯಿತು.

ಪ್ರಶ್ನೆ: ನೈಟ್ರೋದ ಪ್ರಮಾಣ ಶೇಕಡಾ 90ಕ್ಕೆ ಮೀರಬಾರದು ಅಂತ ಇದೆಯಲ್ಲ, ಅದನ್ನೇ ಇನ್ನೂ ಇಳಿಸಿದರೆ ಆಯಿತು. ವೇಗ ಕಡಿಮೆ, ಖರ್ಚು ಕಡಿಮೆ, ಎಲ್ಲರೂ ಸಮ. ಯಾಕೆ ಮಾಡೋದಿಲ್ಲ?

ಮಾಡಿ ನೋಡಿದ್ದಾರೆ. ನಿಮ್ಮ ಹಾಗೇ ನಾನೂ ಯೋಚಿಸುತ್ತಿದ್ದೆ, ಚರಿತ್ರೆ ಓದಿದ ಮೇಲೆ ಮನಸ್ಸು ಬದಲಾಯಿತು.

ಮೊದಲು ತಂಡಗಳು ಹೆಚ್ಚುಕಡಿಮೆ ಶುದ್ಧ ನೈಟ್ರೋವನ್ನೇ ಸುರಿಯುತ್ತಿದ್ದವು. 2000ದಲ್ಲಿ ಅದನ್ನು 90ಕ್ಕೆ ಇಳಿಸಿದರು, ಉಳಿದದ್ದು ಮೆಥನಾಲ್. 2004ರ ಜೂನ್‌ನಲ್ಲಿ ಸೇಂಟ್ ಲೂಯಿಸ್ ಹತ್ತಿರದ ಟ್ರ್ಯಾಕಿನಲ್ಲಿ ಟಾಪ್ ಫ್ಯೂಯೆಲ್ ಚಾಲಕ ಡ್ಯಾರೆಲ್ ರಸೆಲ್ ಅಪಘಾತದಲ್ಲಿ ತೀರಿಕೊಂಡರು. ಅದಾದ ಮೇಲೆ 85ಕ್ಕೆ ಇಳಿಸಿದರು. ಈಗ ಮುಂದಿನ ಎರಡು ವರ್ಷ ನೋಡಿ. 2005ರಲ್ಲಿ ಮಿನೆಸೋಟಾದ ಬ್ರೇನರ್ಡ್‌ನಲ್ಲಿ ಟೋನಿ ಶೂಮಾಕರ್ ಗಂಟೆಗೆ 337.58 ಮೈಲಿ, ಅಂದರೆ ಸುಮಾರು 543 ಕಿಲೋಮೀಟರ್ ವೇಗ ಮುಟ್ಟಿದರು. 2006ರಲ್ಲಿ ಪೊಮೋನಾದಲ್ಲಿ ಅವರೇ ಕಾಲು ಮೈಲಿಯನ್ನು 4.428 ಸೆಕೆಂಡಿನಲ್ಲಿ ಮುಗಿಸಿದರು. ಎರಡೂ ದಾಖಲೆಗಳು ಶೇಕಡಾ 85ರ ಕಾಲದವು! ಇಂಧನದ ಬಲ ಇಳಿದಾಗ ಕ್ರ್ಯೂ ಚೀಫ್‌ಗಳು ಕಂಪ್ರೆಷನ್ ಏರಿಸಿದರು, ಬ್ಲೋವರ್ ಜೋರಾಗಿ ತಿರುಗಿಸಿದರು, ಕಿಡಿಯ ಹೊತ್ತನ್ನು ಹಿಂದೆಮುಂದೆ ಮಾಡಿದರು. ಕಳೆದುಕೊಂಡದ್ದನ್ನು ಬೇರೆ ಬಾಗಿಲಿನಿಂದ ವಾಪಸ್ ತಂದರು. ಇಂಜಿನ್ನಿನ ಮೇಲಿನ ಒತ್ತಡ ಕಡಿಮೆಯಾಗಲಿಲ್ಲ. 2008ರಲ್ಲಿ ಮತ್ತೆ 90ಕ್ಕೆ ತಂದರು.

ಅದೇ 2008ರ ಜೂನ್‌ನಲ್ಲಿ ನ್ಯೂಜೆರ್ಸಿಯ ಇಂಗ್ಲಿಷ್‌ಟೌನ್‌ನಲ್ಲಿ ಸ್ಕಾಟ್ ಕಲಿಟ್ಟಾ ಅವರ ಕಾರಿನ ಇಂಜಿನ್ ಕೊನೆಯ ಗೆರೆಯ ಹತ್ತಿರ ಸಿಡಿಯಿತು, ಕಾರು ನಿಲ್ಲಲಿಲ್ಲ, ಅವರು ಉಳಿಯಲಿಲ್ಲ. ಆಗ ಮಾಡಿದ ಬದಲಾವಣೆ ಬೇರೆ ಥರದ್ದು. ದೂರವನ್ನೇ ಕಡಿಮೆ ಮಾಡಿದರು. 1,320 ಅಡಿಯ ಬದಲು 1,000 ಅಡಿ. ನಿಲ್ಲಿಸಲು ಮುನ್ನೂರಿಪ್ಪತ್ತು ಅಡಿ ಜಾಸ್ತಿ ಸಿಕ್ಕಿತು. ಈ ನಿಯಮವನ್ನು ಯಾರೂ ಹಿಂಬಾಗಿಲಿನಿಂದ ದಾಟಲು ಆಗುವುದಿಲ್ಲ. ಕಾಲು ಮೈಲಿ ಹೋಯಿತು ಅಂತ ಎಷ್ಟೋ ಅಭಿಮಾನಿಗಳು ಇವತ್ತಿಗೂ ಬೇಜಾರು ಮಾಡಿಕೊಳ್ಳುತ್ತಾರೆ, ಅವರ ನೋವು ನನಗೆ ಅರ್ಥ ಆಗುತ್ತದೆ, ಆದರೂ ನಾನು ಸಾವಿರ ಅಡಿಯ ಪರ.

ಶೇಕಡಾ 90 ಅಂತ ಪತ್ತೆ ಹೇಗೆ ಅಂತ ಇನ್ನೊಬ್ಬರು ಕೇಳಿದ್ದಾರೆ. ಹೈಡ್ರೋಮೀಟರ್ ಅಂತ ಒಂದು ಗಾಜಿನ ಉಪಕರಣ, ಕೆಳಗೆ ಭಾರದ ಬುರುಡೆ, ಮೇಲೆ ಗೆರೆ ಹಾಕಿದ ಸಣ್ಣ ಕಡ್ಡಿ. ಕಾರಿನಿಂದ ತೆಗೆದ ಇಂಧನವನ್ನು ಉದ್ದದ ಪಾತ್ರೆಗೆ ಸುರಿದು ಇದನ್ನು ತೇಲಿಬಿಡುತ್ತಾರೆ. ನೈಟ್ರೋಮೀಥೇನ್ ನೀರಿಗಿಂತ ಭಾರ, ನೀರನ್ನು 1 ಅಂದರೆ ಅದು 1.14. ಮೆಥನಾಲ್ ಹಗುರ, 0.79. ನೈಟ್ರೋ ಜಾಸ್ತಿ ಇದ್ದಷ್ಟೂ ಕಡ್ಡಿ ಮೇಲೆ ನಿಲ್ಲುತ್ತದೆ. ಜೊತೆಗೆ ಉಷ್ಣತೆ ನೋಡಲೇಬೇಕು, ಯಾಕೆಂದರೆ ಬಿಸಿಯಾದ ದ್ರವ ಹಿಗ್ಗಿ ತೆಳುವಾಗುತ್ತದೆ, ಲೆಕ್ಕ ತಪ್ಪುತ್ತದೆ. ಕಣ್ಣಿನ ಮಟ್ಟಕ್ಕೆ ಬಗ್ಗಿ ಒಂದು ಗೆರೆ ಓದುವುದು, ಪಕ್ಕದ ಪಟ್ಟಿಯಲ್ಲಿ ಉಷ್ಣತೆಯ ಸಾಲು ನೋಡುವುದು, ಮುಗಿಯಿತು.

ಪ್ರಶ್ನೆ: ನಿಮ್ಮ ಮಾತು ನಾನು ಒಪ್ಪೋದಿಲ್ಲ. 1964ರ ವಿನ್ಯಾಸಕ್ಕೇ ಎಲ್ಲರನ್ನೂ ಕಟ್ಟಿಹಾಕಿದರೆ ಹೊಸದು ಹುಟ್ಟೋದು ಹೇಗೆ? ನಾಲ್ಕು ವಾಲ್ವ್, ಟರ್ಬೋ, ಓವರ್‌ಹೆಡ್ ಕ್ಯಾಮ್ ಎಲ್ಲಕ್ಕೂ ಅವಕಾಶ ಕೊಡಲಿ. ಬಲ ಜಾಸ್ತಿ ಇದ್ದವನಿಗೆ ತೂಕ ಜಾಸ್ತಿ ಹಾಕಿದರೆ ಸಮ ಆಗುತ್ತೆ.

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಅರವತ್ತರ ದಶಕದಲ್ಲಿ ಫೋರ್ಡಿನ 427 ಓವರ್‌ಹೆಡ್ ಕ್ಯಾಮ್ ಇಂಜಿನ್ ಹಾಕಿ ಕಾನಿ ಕಲಿಟ್ಟಾ, ಪೀಟ್ ರಾಬಿನ್ಸನ್ ಅಂಥವರು ಓಡಿಸಿದ್ದರು. ಆ ವೈವಿಧ್ಯ ಹೋಯಿತಲ್ಲ ಅಂತ ನನಗೂ ಅನ್ನಿಸುತ್ತದೆ.

ಆದರೆ ತೂಕದ ಉಪಾಯ ಎಲ್ಲಿಗೆ ಮುಟ್ಟುತ್ತದೆ ಅನ್ನುವುದಕ್ಕೆ ಉದಾಹರಣೆ ಇದೆ. ಪೆಟ್ರೋಲಿನ ಪ್ರೋ ಸ್ಟಾಕ್ ವರ್ಗ 1970ರಲ್ಲಿ ಶುರುವಾಯಿತು. ಇಂಜಿನ್ನಿನ ಒಂದೊಂದು ಘನ ಇಂಚಿಗೆ ಇಷ್ಟು ಪೌಂಡ್ ತೂಕ ಇರಬೇಕು ಅಂತ ಲೆಕ್ಕ ತಂದರು. 1972ರಲ್ಲಿ ಸಣ್ಣ ಇಂಜಿನ್ನಿಗೆ ರಿಯಾಯಿತಿ ಸಿಕ್ಕಿತು, ಬಿಲ್ ಜೆಂಕಿನ್ಸ್ ಸಣ್ಣ ಶೆವ್ರೊಲೆ ವೆಗಾ ಕಟ್ಟಿಕೊಂಡು ಬಂದು ದೊಡ್ಡ ಹೆಮಿಗಳನ್ನು ಸೋಲಿಸಿದರು. ಅಲ್ಲಿಂದ ಹತ್ತು ವರ್ಷ ಇದೇ ಹಗ್ಗಜಗ್ಗಾಟ. ಯಾರು ಗೆದ್ದರೋ ಅವರ ಅಂಕಿ ಬದಲು, ಸೋತವರಿಗೆ ಸ್ವಲ್ಪ ಸಡಿಲ. ಕೊನೆಗೆ 1982ರಲ್ಲಿ ಎಲ್ಲವನ್ನೂ ಬದಿಗಿಟ್ಟು, ಎಲ್ಲರಿಗೂ 500 ಘನ ಇಂಚು, 2,350 ಪೌಂಡ್ ಅಂತ ಮಾಡಿದರು.

ನೈಟ್ರೋದಲ್ಲಿ ತೂಕದ ಲೆಕ್ಕ ಇನ್ನೂ ಕಷ್ಟ. ಇಲ್ಲಿ ಬಲಕ್ಕೆ ಬರ ಇಲ್ಲ, ಬರ ಇರುವುದು ಟೈರಿನ ಹಿಡಿತಕ್ಕೆ. ಇರುವ ಬಲವನ್ನೇ ನೆಲಕ್ಕೆ ಇಳಿಸಲಾಗದೆ ಕ್ಲಚ್ಚನ್ನು ಜಾರಿಸಿ ಜಾರಿಸಿ ಬಿಡುತ್ತಾರೆ. ಅಂಥ ಕಾರಿನ ಹಿಂದಿನ ಚಕ್ರದ ಮೇಲೆ ತೂಕ ಹೇರಿದರೆ ಹಿಡಿತ ಜಾಸ್ತಿಯಾಗಿ ಅದಕ್ಕೆ ಉಪಕಾರವೇ ಆಗಬಹುದು. ಶಿಕ್ಷೆ ಅಂತ ಕೊಟ್ಟದ್ದು ಬಹುಮಾನ ಆದ ಹಾಗೆ.

ಹೊಸದು ಹುಟ್ಟುವುದಿಲ್ಲ ಅನ್ನುವ ಮಾತಿಗೆ ಡಾನ್ ಗಾರ್ಲಿಟ್ಸ್ ಅವರನ್ನು ನೆನೆಯಿರಿ. 1970ರಲ್ಲಿ ಕ್ಯಾಲಿಫೋರ್ನಿಯಾದ ಲಯನ್ಸ್ ಟ್ರ್ಯಾಕಿನಲ್ಲಿ ಅವರ ಕಾರಿನ ಟ್ರಾನ್ಸ್‌ಮಿಷನ್ ಸಿಡಿದು ಬಲಗಾಲಿನ ಪಾದದ ಮುಂಭಾಗ ಹೋಯಿತು. ಆಗಿನ ಕಾರುಗಳಲ್ಲಿ ಇಂಜಿನ್ ಮುಂದೆ, ಚಾಲಕ ಹಿಂದೆ, ಸಿಡಿದದ್ದೆಲ್ಲ ನೇರ ಮೈಮೇಲೆ. ಅವರು ಇಂಜಿನ್ನನ್ನು ಬೆನ್ನ ಹಿಂದಕ್ಕೆ ಒಯ್ದರು. 1971ರಲ್ಲಿ ಅದನ್ನು ಓಡಿಸಿ ಗೆದ್ದರು. ಕೆಲವೇ ವರ್ಷಗಳಲ್ಲಿ ಟಾಪ್ ಫ್ಯೂಯೆಲ್ ಪೂರ್ತಿ ಅವರ ಹಿಂದೆ ಹೋಯಿತು. ಇಂಜಿನ್ ಅದೇ ಹೆಮಿ.

ಪ್ರಶ್ನೆ: ಟಾಪ್ ಫ್ಯೂಯೆಲ್, ಫನ್ನಿ ಕಾರ್ ಎರಡಕ್ಕೂ ಒಂದೇ ಇಂಜಿನ್ ಆದರೆ ಸಮಯ ಯಾಕೆ ಬೇರೆ?

ಮೈಕಟ್ಟು ಬೇರೆ. ಟಾಪ್ ಫ್ಯೂಯೆಲ್ ಕಾರಿನ ಮುಂದಿನ ಹಿಂದಿನ ಚಕ್ರಗಳ ಅಂತರ 300 ಇಂಚು, ಫನ್ನಿ ಕಾರಿನದು 125. ಉದ್ದ ಇದ್ದದ್ದು ನೇರ ಹೋಗುತ್ತದೆ, ಗಿಡ್ಡ ಇದ್ದದ್ದು ಒದ್ದಾಡುತ್ತದೆ. 2019ರಲ್ಲಿ ಬ್ರಿಟನಿ ಫೋರ್ಸ್ ಟಾಪ್ ಫ್ಯೂಯೆಲ್‌ನಲ್ಲಿ 3.623 ಸೆಕೆಂಡ್ ಓಡಿಸಿದರು. ಫನ್ನಿ ಕಾರಿನಲ್ಲಿ ರಾಬರ್ಟ್ ಹೈಟ್ ಅವರದ್ದು 3.793. ಆದರೆ ಹೈಟ್ 2017ರಲ್ಲಿ ಸೊನೋಮಾದಲ್ಲಿ ಗಂಟೆಗೆ 339.87 ಮೈಲಿ ಮುಟ್ಟಿದ್ದರು. ಆಗ ಫನ್ನಿ ಕಾರಿನವರು ಎಕ್ಸಾಸ್ಟ್ ಪೈಪುಗಳನ್ನು ಹಿಂದಕ್ಕೆ ಮಲಗಿಸಿ, ಹೊಗೆ ಹೊರಬೀಳುವ ರಭಸದಿಂದಲೂ ಕಾರಿಗೆ ಒಂದಿಷ್ಟು ತಳ್ಳು ಪಡೆಯುತ್ತಿದ್ದರು. ಮುಂದೆ ಆ ಪೈಪಿನ ಕೋನಕ್ಕೂ ಮಿತಿ ಬಂತು. ಕೋನ ಅಂದರೆ ಅಳೆಯಬಹುದಾದದ್ದು, ಹಾಗಾಗಿ ಆ ನಿಯಮದ ಬಗ್ಗೆ ನನ್ನ ತಕರಾರಿಲ್ಲ.

ಪ್ರಶ್ನೆ: ಟಾಪ್ ಆಲ್ಕೋಹಾಲ್ ಡ್ರ್ಯಾಗ್‌ಸ್ಟರ್ ವರ್ಗದಲ್ಲಿ ಮಾತ್ರ ಎರಡು ಬೇರೆ ಬೇರೆ ಇಂಜಿನ್ ಒಟ್ಟಿಗೆ ಓಡುತ್ತವಂತೆ. ಒಂದಕ್ಕೆ ನೈಟ್ರೋ, ಒಂದಕ್ಕೆ ಇಲ್ಲ. ಇದು ನ್ಯಾಯನಾ? ದಯವಿಟ್ಟು ಬಿಡಿಸಿ ಹೇಳಿ.

ಈ ಪತ್ರಕ್ಕಾಗಿ ಕಾಯುತ್ತಿದ್ದೆ.

1974ರಲ್ಲಿ ಪ್ರೋ ಕಾಂಪ್ ಅಂತ ಒಂದು ವರ್ಗ ಶುರುವಾಯಿತು, 1981ರಲ್ಲಿ ಅದನ್ನು ಒಡೆದು ಆಲ್ಕೋಹಾಲ್ ಡ್ರ್ಯಾಗ್‌ಸ್ಟರ್, ಆಲ್ಕೋಹಾಲ್ ಫನ್ನಿ ಕಾರ್ ಮಾಡಿದರು. ಡ್ರ್ಯಾಗ್‌ಸ್ಟರ್ ಕಡೆ ಎರಡು ದಾರಿ ಉಳಿದವು. ಮೊದಲನೆಯದು ಬ್ಲೋವರ್ ಇರುವ ಇಂಜಿನ್, ಕುಡಿಯುವುದು ಬರೀ ಮೆಥನಾಲ್. ಸ್ಕ್ರೂ ಬ್ಲೋವರ್ ಹಾಕಬಹುದು, ಮೂರು ಗಿಯರಿನ ಟ್ರಾನ್ಸ್‌ಮಿಷನ್ ಇರುತ್ತದೆ. ಎರಡನೆಯದಕ್ಕೆ ಎ-ಫ್ಯೂಯೆಲ್ ಅನ್ನುತ್ತಾರೆ. ಬ್ಲೋವರ್ ಇಲ್ಲ, ಗಾಳಿ ತಾನಾಗಿ ಎಳೆದುಕೊಂಡಷ್ಟೇ, ಗಿಯರ್ ಬಾಕ್ಸ್ ಇಲ್ಲ, ಆದರೆ ನೈಟ್ರೋ ಉಂಟು. ಒಬ್ಬನಿಗೆ ಗಾಳಿ ತುರುಕುವ ಹಕ್ಕು, ಇನ್ನೊಬ್ಬನಿಗೆ ಆಮ್ಲಜನಕ ಹೊತ್ತ ಇಂಧನದ ಹಕ್ಕು. ಎಷ್ಟು ಚಂದದ ಯೋಚನೆ ನೋಡಿ! ಎರಡೂ ಕಾಲು ಮೈಲಿಯನ್ನು ಐದು ಸೆಕೆಂಡಿನ ಚಿಲ್ಲರೆಯಲ್ಲಿ ಮುಗಿಸುತ್ತವೆ, ಅಕ್ಕಪಕ್ಕ ನಿಂತಾಗ ಶಬ್ದವೇ ಬೇರೆ ಬೇರೆ. ಬ್ಲೋವರಿನದು ಚೀರುವ ಶಬ್ದ, ನೈಟ್ರೋದ್ದು ಎದೆಗೆ ಗುದ್ದುವ ಶಬ್ದ.

ತೊಂದರೆ ಇರುವುದು ಸಮ ಮಾಡುವುದರಲ್ಲಿ. ಇವೆರಡರಲ್ಲಿ ಸಾಮಾನ್ಯವಾದ ಅಳತೆ ಒಂದೂ ಇಲ್ಲ. ಹಾಗಾಗಿ ಅಧಿಕಾರಿಗಳ ಕೈಯಲ್ಲಿ ಕೆಲವು ತಿರುಪುಗಳಿವೆ: ನೈಟ್ರೋದ ಶೇಕಡಾವಾರು, ಕ್ರ್ಯಾಂಕಿಗೆ ಹೋಲಿಸಿದರೆ ಬ್ಲೋವರ್ ಎಷ್ಟು ಜೋರಾಗಿ ತಿರುಗಬಹುದು ಅನ್ನುವ ಮಿತಿ, ಕಾರಿನ ತೂಕ. ಒಂದು ಕಡೆಯವರು ಮೇಲೆ ಬಂದರೆ ಒಂದು ತಿರುಪು ಬಿಗಿ, ಇನ್ನೊಂದು ಸಡಿಲ. ತಿರುಗಿಸಿದ ಮೇಲೆ ಅರ್ಧ ಜನರಿಗೆ ಅನ್ಯಾಯ ಅನ್ನಿಸಿಯೇ ಅನ್ನಿಸುತ್ತದೆ.

ಹವೆಯೂ ಒಂದೇ ಥರ ಇರುವುದಿಲ್ಲ. ಡೆನ್ವರ್ ಹತ್ತಿರದ ಬ್ಯಾಂಡಿಮೀರ್ ಟ್ರ್ಯಾಕ್, 2023ರವರೆಗೆ ಅಲ್ಲಿ ರೇಸ್ ನಡೆಯುತ್ತಿತ್ತು, ಸಮುದ್ರ ಮಟ್ಟದಿಂದ ಸುಮಾರು 5,800 ಅಡಿ ಎತ್ತರ. ಅಲ್ಲಿನ ತೆಳು ಗಾಳಿಯನ್ನು ಈ ಎರಡು ಇಂಜಿನ್‌ಗಳು ಒಂದೇ ಥರ ತಡೆದುಕೊಳ್ಳುವುದಿಲ್ಲ. ಒಂದಕ್ಕೆ ಗಾಳಿ ಒತ್ತಲು ಯಂತ್ರ ಇದೆ, ಇನ್ನೊಂದು ಇಂಧನದಲ್ಲೇ ಒಂದಿಷ್ಟು ಆಮ್ಲಜನಕ ತಂದಿದೆ. ಸಮುದ್ರದ ಮಟ್ಟದಲ್ಲಿ ಸಮ ಮಾಡಿದ ತಕ್ಕಡಿ ಬೆಟ್ಟದ ಮೇಲೆ ವಾಲುತ್ತದೆ.

ಇದಕ್ಕಿಂತ ನನ್ನನ್ನು ಕಾಡುವುದು ಇನ್ನೊಂದು. ಫಲಿತಾಂಶ ನೋಡಿ ನಿಯಮ ಬದಲಾಯಿಸಿದರೆ ಯಾರಿಗೆ ಪೆಟ್ಟು? ಚಳಿಗಾಲ ಪೂರ್ತಿ ಗ್ಯಾರೇಜಿನಲ್ಲಿ ಕೂತು, ಒಂದು ಸೆಕೆಂಡಿನ ನೂರನೇ ಎರಡು ಭಾಗ ಹುಡುಕಿ ತಂದ ತಂಡಕ್ಕೆ. ಅವರ ಶ್ರಮವನ್ನು ಇಂಜಿನ್ನಿನ ಅನುಕೂಲ ಅಂತ ಲೆಕ್ಕ ಹಾಕಿ ಕಿತ್ತುಕೊಂಡ ಹಾಗಾಗುತ್ತದೆ. ಅದು ಗೊತ್ತಿದ್ದವರು ಏನು ಮಾಡಬಹುದು? ಪೂರ್ತಿ ಬಲ ತೋರಿಸದೆ ಓಡಿಸಬಹುದು. ಆಗ ಅಧಿಕಾರಿಗಳ ಕೈಗೆ ಸಿಗುವ ಅಂಕಿಯೇ ಸುಳ್ಳು.

ಹಾಗಂತ ಒಂದು ದಾರಿ ಮುಚ್ಚಿಬಿಡಿ ಅಂತ ನಾನು ಹೇಳುವುದಿಲ್ಲ. ಎರಡು ಬಗೆಯ ಯೋಚನೆ ಮುಖಾಮುಖಿ ನಿಲ್ಲುವ ಇಂಥ ಜಾಗ ನೈಟ್ರೋ ಲೋಕದಲ್ಲಿ ಅಪರೂಪ, ಅದು ಉಳಿಯಲೇಬೇಕು. ನನ್ನ ಆಸೆ ಇಷ್ಟೇ. ತಿರುಪು ತಿರುಗಿಸುವುದಾದರೆ ಸೀಸನ್ ಶುರುವಾಗುವ ಮೊದಲು ಒಮ್ಮೆ ತಿರುಗಿಸಲಿ, ನಡುವೆ ಕೈ ಹಾಕುವುದು ಬೇಡ. ಯಾರೋ ಒಬ್ಬರ ಅತಿ ವೇಗದ ಓಟ ನೋಡಿ ಅಲ್ಲ, ಎರಡೂ ಕಡೆಯ ಹತ್ತಾರು ಕಾರುಗಳ ವರ್ಷವಿಡೀ ಓಟಗಳನ್ನು ಕೂಡಿಸಿ ನೋಡಲಿ. ಆ ಲೆಕ್ಕವನ್ನು ಎಲ್ಲರ ಎದುರು ಇಡಲಿ. ಅಂಕಿ ಕಣ್ಣಮುಂದೆ ಇದ್ದರೆ ಸೋತವನೂ ಒಪ್ಪಿಕೊಳ್ಳುತ್ತಾನೆ, ಅಥವಾ ಕನಿಷ್ಠ ಯಾವ ಅಂಕಿಯ ಮೇಲೆ ಜಗಳ ಆಡಬೇಕು ಅಂತ ಗೊತ್ತಾಗುತ್ತದೆ.

ಪ್ರಶ್ನೆ: ನಿಯಮ ಎಷ್ಟೇ ಸಮ ಇದ್ದರೂ ದುಡ್ಡಿದ್ದವನೇ ಗೆಲ್ಲೋದು. ಸಣ್ಣ ತಂಡಗಳಿಗೆ ನೈಟ್ರೋದಲ್ಲಿ ಜಾಗ ಇದೆಯಾ?

ದೊಡ್ಡ ವರ್ಗಗಳಲ್ಲಿ ಕಷ್ಟ, ಸುಮ್ನೆ ಸಮಾಧಾನ ಹೇಳುವುದಿಲ್ಲ. ಪ್ರತಿ ಓಟಕ್ಕೂ ಬಿಡಿಭಾಗ ತಿನ್ನುವ ಇಂಜಿನ್ ಅದು. ಹೆಚ್ಚು ಬಿಡಿಭಾಗ ಇದ್ದವನು ಹೆಚ್ಚು ಧೈರ್ಯ ಮಾಡುತ್ತಾನೆ.

ಆದರೆ ನಾಸ್ಟಾಲ್ಜಿಯಾ ವರ್ಗಗಳನ್ನು ನೋಡಿ. ಹಳೆಯ ಕಾಲದ ರೂಪದ ನೈಟ್ರೋ ಕಾರುಗಳು. ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್ ಹತ್ತಿರದ ಫಮೋಸೋದಲ್ಲಿ 1959ರಲ್ಲಿ ಶುರುವಾದ ಮಾರ್ಚ್ ಮೀಟ್ ಇವುಗಳ ದೊಡ್ಡ ಹಬ್ಬ. ಇಲ್ಲಿ ಬ್ಲೋವರ್ ಸಣ್ಣದು, 6-71. ಆ ಹೆಸರು ಬಂದದ್ದು ಜನರಲ್ ಮೋಟಾರ್ಸ್‌ನ ಹಳೆಯ ಡೀಸೆಲ್ ಇಂಜಿನ್ನಿನಿಂದ, ಆರು ಸಿಲಿಂಡರ್, ಒಂದೊಂದೂ 71 ಘನ ಇಂಚು. ಕಿಡಿ ಕೊಡುವ ಮ್ಯಾಗ್ನೆಟೋ ದೊಡ್ಡ ವರ್ಗದಲ್ಲಿ ಎರಡು, ಇಲ್ಲಿ ಒಂದೇ. ಎಲ್ಲಕ್ಕಿಂತ ಮುಖ್ಯವಾಗಿ ಇಂಧನ ಪಂಪಿಗೆ ಮಿತಿ ಇದೆ. ಟಾಪ್ ಫ್ಯೂಯೆಲ್ ಪಂಪು ನಿಮಿಷಕ್ಕೆ ನೂರು ಗ್ಯಾಲನ್ ಮೇಲೆ ತಳ್ಳಬಲ್ಲದು, ಇಲ್ಲಿ ಅದರ ಹತ್ತಿರವೂ ಹೋಗುವಂತಿಲ್ಲ.

ಈ ಒಂದು ನಿಯಮ ನನಗೆ ತುಂಬಾ ಹಿಡಿಸಿದೆ. ನೈಟ್ರೋ ಇಂಜಿನ್ನಿನ ಬಲ ಅಂದರೆ ಅದು ಎಷ್ಟು ಇಂಧನ ನುಂಗುತ್ತದೆ ಅನ್ನುವುದೇ. ಗಂಟಲನ್ನು ಕಿರಿದು ಮಾಡಿದರೆ ಮೇಲೆ ಎಷ್ಟು ದುಡ್ಡು ಸುರಿದರೂ ಒಂದು ಮಟ್ಟಕ್ಕಿಂತ ಮೇಲೆ ಹೋಗಲ್ಲ. ಅನುಮಾನ ಬಂದರೆ ಆ ಪಂಪನ್ನು ಕಾರಿನಿಂದ ಬಿಚ್ಚಿ, ಬೆಂಚಿನ ಮೇಲೆ ಕಟ್ಟಿ ತಿರುಗಿಸಿ, ನಿಮಿಷಕ್ಕೆ ಎಷ್ಟು ಬಂತು ಅಂತ ಎಲ್ಲರ ಎದುರೇ ಅಳೆದುಬಿಡಬಹುದು.